ಬರೀ ಹೊಟ್ಟೇಲಿ

ಅವ್ವಾ,

ಇವತ್ತು ಹಾಸನದಲ್ಲಿ ಥೈರಾಯ್ಡ್ ಡಾಕ್ಟ್ರ ಮುಂದೇನೇ ಜಗಳ ಆಡ್ಬುಟ್ಟೆ. ಕಂಟ್ರೋಲಿಗೆ ಬಂದಿಲ್ಲ, ಬೇರೆ ಕಂಪ್ನಿ ಮಾತ್ರೆ ಬರ್ಕೊಡಿ ಅಂತ ನಮ್ಮನೆಯವರು. ಮಾತ್ರೇನೇ ಬ್ಯಾಡ, ಕೊಣನೂರಿನ ನಾಟಿ ಪುಡಿ ಸಾಕು ಅಂತ ನಮ್ಮತ್ತೆ. ಹೊಟ್ಟೇಲಿ ಮಗು ಐತೆ, ಇಬ್ರೂ ಸುಮ್ನಿರಿ ಅಂತ ಕಿರುಚ್ಕೊಂಡೆ.

"ಮಾತ್ರೆ ಯಾವಾಗ ನುಂಗ್ತೀಯಮ್ಮ?" ಅಂದ್ರು ಡಾಕ್ಟ್ರು.

"ತಿಂಡಿ ತಿಂದು ಕಾಫಿ ಕುಡಿದ್ಮೇಲೆ ಸಾ. ಬರೀ ಹೊಟ್ಟೇಲಿ ನುಂಗಬಾರ್ದು ಅಂತ ನಮ್ಮವ್ವ ಹೇಳೋಳು."

"ಪುಡಿ ಬೇಡವೇ ಬೇಡ. ಡೋಸ್ ಏರಿಸ್ತೀನಿ. ಆದ್ರೆ ಇದನ್ನ ಬರೀ ಹೊಟ್ಟೇಲೇ ನುಂಗಬೇಕು. ಇಲ್ದಿದ್ರೆ ಯಾವ ಕಂಪ್ನೀದೂ ಮೈಗೆ ಹತ್ತಲ್ಲ."

ನಿಂಗೂ ಇದೇ ಕಾಯಿಲೆಗೆ, ನೀನು ಕಣ್ಮುಚ್ಚೋವರೆಗೂ, ನಾವು ಕಂಪ್ನಿ ಮೇಲೆ ಕಂಪ್ನಿ ಬದಲಾಯಿಸಿದ್ದು ಬಾಯಿಗೆ ಬಂತು. ನುಂಗ್ಕೊಂಡೆ.

ನಾಳೆ ಬೆಳಿಗ್ಗೆ ಬರೀ ಹೊಟ್ಟೇಲಿ ಮಾತ್ರೆ ನುಂಗ್ತೀನಿ ಕಣವ್ವ. ಬಯ್ಯಕ್ಕಾದ್ರೂ ಬಾ.