ಬಾವಿಯ ಮೇಲಿನ ಐದನೇ ಮಹಡಿ

ಕುಂದಲಹಳ್ಳಿ
೯ ಫೆಬ್ರವರಿ ೨೦೨೫, ಭಾನುವಾರ

ನಮ್ಮ ದೀಪಶ್ರೀಯ ಅಪ್ಪನವರಿಗೆ,

ಭಾಗ್ಯಳ ನಮಸ್ಕಾರ. ಮಂಡಿನೋವು ಹೇಗಿದೆ? ಸರ್ಜಾಪುರದ ಚಳಿಯಲ್ಲೂ ಬೆಳಗಿನ ಜಾವವೇ ಗುಲಾಬಿ ತೋಟಕ್ಕೆ ಇಳಿಯುತ್ತೀರಂತೆ, ನಿಮ್ಮ ತಂಗಿ ಸವಿತಾ ಹೇಳಿದಳು. ಮಫ್ಲರ್ ಕಟ್ಟಿಕೊಳ್ಳಿ. ಫೋನಿನಲ್ಲಿ ನಾನು ಕುಂದಲಹಳ್ಳಿ ಎಂದ ತಕ್ಷಣ ಕಟ್ ಮಾಡುತ್ತೀರಿ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಗಬೇಡಿ, ನಾನು ಬಾಡಿಗೆ ಮನೆ ಹಿಡಿದಿದ್ದೇನೆ. ಮಗ ಸೊಸೆಯ ಜೊತೆ ಜಗಳವೇನಿಲ್ಲ, ಅವರು ಎರಡು ರಸ್ತೆ ಆಚೆ ನಮ್ಮ ಮನೆಯಲ್ಲೇ ಸುಖವಾಗಿದ್ದಾರೆ. ಹನ್ನೆರಡು ಮನೆ ಬಾಡಿಗೆಗೆ ಕೊಟ್ಟವಳು ಈಗ ಒಂದೇ ಕೋಣೆಯ ಬಾಡಿಗೆದಾರಳು. ಸ್ಟುಡಿಯೋ ಅಂತಾರೆ. ಮಂಚದ ಮೇಲೆ ಕೂತು ಒಂದು ಕೈ ಚಾಚಿದರೆ ಒಲೆ, ಇನ್ನೊಂದು ಚಾಚಿದರೆ ಕಿಟಕಿ. ಓನರ್ ಸಿದ್ಧಾರ್ಥ್, ನಮ್ಮ ಮಗಳು ದೀಪಶ್ರೀಗಿಂತ ಚಿಕ್ಕವನು. "ಆಂಟಿ, ವೆಜ್ಜಾ ನಾನ್‌ವೆಜ್ಜಾ? ಗೆಸ್ಟ್ ಜಾಸ್ತಿ ಬರ್ತಾರಾ? ಗೋಡೆಗೆ ಮೊಳೆ ಹೊಡೀಬಾರ್ದು" ಅಂದ. ಇಪ್ಪತ್ತು ವರ್ಷ ಸೊಂಟಕ್ಕೆ ಕೈಯಿಟ್ಟು ನಾನು ಕೇಳಿದ ಪ್ರಶ್ನೆಗಳೇ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದುಕೊಂಡು ತಲೆಯಾಡಿಸಿದೆ.

ಈ ಕಟ್ಟಡ ನಿಂತಿರುವುದು ನಮ್ಮ ಹೊಲದಲ್ಲಿ. ಮುನೇಶ್ವರನ ಕಲ್ಲನ್ನು ಮಾತ್ರ ಬಿಲ್ಡರ್ ಅಲುಗಿಸಿಲ್ಲ. ಅಲ್ಲಿಂದ ಬಾವಿಗೆ ನಲವತ್ತೆರಡು ಹೆಜ್ಜೆ. ಕೊಡ ಹೊತ್ತು ನಡೆದವಳಿಗೆ ಮರೆಯುತ್ತದೆಯೇ? ಎಣಿಸುತ್ತಾ ಹೋದೆ, ಕೊನೆಯ ಹೆಜ್ಜೆ ಐದನೇ ಮಹಡಿಯ ಈ ಕೋಣೆಯ ನೇರ ಕೆಳಗೆ ಬಿತ್ತು. ಇದೇ ಬೇಕೆಂದು ಹಟ ಹಿಡಿದೆ. ನಾವು ನೀರು ಸೇದುವಾಗ ಕೊಕ್ಕರೆ ಹಾರುತ್ತಿದ್ದ ಎತ್ತರದಲ್ಲಿ ಈಗ ನನ್ನ ಹಾಸಿಗೆ. ಬೆಳಗಾದರೆ ಎದುರಿನ ಕಂಪನಿಯ ಗಾಜಿನ ತುಂಬ ಎಳೆಬಿಸಿಲು. ಅರೆನಿದ್ದೆಯಲ್ಲಿ ಅದು ಬಲಿತ ರಾಗಿ ಹೊಲ ಅನಿಸುತ್ತದೆ. ಕೆಳಗೆ ಪಂಪು ಗುನುಗಿದರೆ ನನಗೆ ರಾಟೆ ಕೇಳಿಸುತ್ತದೆ. ನೀವು ಹಗ್ಗ ಎಳೆಯುತ್ತಲೇ ಇರುತ್ತೀರಿ, ನಾನು ಸಾಕು ಅನ್ನುವುದೇ ಇಲ್ಲ. ಎಚ್ಚರಾದ ಮೇಲೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಯೇ ಮಲಗಿರುತ್ತೇನೆ.

ಜಮೀನು ನನ್ನ ಹೆಸರಲ್ಲಿತ್ತು ಅಂತ ನಿಮ್ಮನ್ನು ಕೇಳದೆ ಬಿಲ್ಡರಿಗೆ ಮಾರಲು ಸಹಿ ಹಾಕಿದ್ದು ತಪ್ಪು. ಮಗನ ಮಾತು ಕೇಳಿದೆ, ನಿಮ್ಮ ಮುಖ ನೋಡಲಿಲ್ಲ. "ಬಾವಿ ಮುಚ್ಚಿದ ನೆಲಾನ ನಾನಿನ್ನು ತುಳಿಯಾಕಿಲ್ಲ ಕಣೇ" ಅಂದು ತಂಗಿಯ ಮನೆಗೆ ಹೊರಟಿರಿ. ಮೂರು ವರ್ಷವಾಯಿತು. ಆ ಮಾತು ಮುರಿಯಿರಿ ಅನ್ನುವುದಿಲ್ಲ. ಆಟೋ ನೇರ ಬೇಸ್‌ಮೆಂಟಿಗೆ ಇಳಿಯುತ್ತದೆ, ಅಲ್ಲಿಂದ ಲಿಫ್ಟು. ಮಣ್ಣಿಗೆ ಕಾಲು ತಾಗುವ ಪ್ರಮೇಯವೇ ಇಲ್ಲ, ನಾನು ನೋಡಿಕೊಂಡಿದ್ದೇನೆ.

ಅಗ್ರಿಮೆಂಟಿಗೆ ಎಷ್ಟು ಜನ ಅಂತ ಸಿದ್ಧಾರ್ಥ್ ಕೇಳಿದ. ಇಬ್ಬರು ಅಂದೆ. ಹೆಸರು ಹೇಳಿ ಅಂದ. ಮದುವೆಯಾಗಿ ಮೂವತ್ತಾರು ವರ್ಷ, ನಿಮ್ಮ ಹೆಸರನ್ನು ಬಾಯಲ್ಲಿ ಆಡಿದವಳಲ್ಲ ನಾನು. ಆ ಹುಡುಗನ ಮುಂದೆ ನಾಚಿಕೊಂಡು ಹೇಳಿಯೇಬಿಟ್ಟೆ, ಶ್ಯಾಮಣ್ಣ ಅಂತ. ಹೇಳಿ ನೋಡಿದರೆ ಚೆನ್ನಾಗಿಯೇ ಇದೆ.

ಮನೆ ಹೊಕ್ಕ ದಿನ ಶಾಸ್ತ್ರಕ್ಕೆ ಹಾಲು ಉಕ್ಕಿಸಲು ಇಟ್ಟೆ. ಇಂಡಕ್ಷನ್ ಒಲೆ ನೋಡಿ, ಇನ್ನೇನು ಉಕ್ಕಬೇಕು, ಕುಂಯ್ ಅಂತ ಕೂಗಿ ತಾನೇ ಆರಿಹೋಯಿತು. ಸವಿತಾಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸಿ, ಮಾತ್ರೆ ತಪ್ಪಿಸಬೇಡಿ.

ಇಂತಿ ನಿಮ್ಮ
ಭಾಗ್ಯ

ತಾ.ಕ.: ಒಲೆಯ ವಿಷಯ ಸುಳ್ಳು. ಹಾಲು ಅಂಚಿಗೆ ಬಂದಾಗ ನಾನೇ ಆರಿಸಿದೆ. ಒಬ್ಬಳೇ ನಿಂತು ಉಕ್ಕಿಸಿದರೆ ಈ ಮನೆ ನನ್ನೊಬ್ಬಳದೇ ಆಗಿಬಿಡುತ್ತದೆ ಅಂತ ಭಯವಾಯಿತು. ಬರುವಾಗ ಅಲ್ಲಿಂದ ಒಂದು ಚೊಂಬು ಹಸಿ ಹಾಲು ತನ್ನಿ.