ಆಯುಧಪೂಜೆಯ ಬಣ್ಣ

21 ನವೆಂಬರ್ 2024, ಗುರುವಾರ

ಕೇಸು ಗೆದ್ದಂತೆಯೇ. ಆದರೂ ಊಟ ಸೇರಲಿಲ್ಲ.

ಇವತ್ತು ಸಿರಾದಲ್ಲಿ ಕೋರ್ಟ್ ಕಮಿಷನರ್ ಮುಂದೆ ತಾವರೆಕೆರೆಯ ಕದಿರಯ್ಯನವರಿಗೆ ಪಾಟೀಸವಾಲು ಹಾಕಿದೆ. ಹುಣಸೆ ಬೀಜ ಬಿಡಿಸುವ ಯಂತ್ರದ ಪೇಟೆಂಟ್ ನನ್ನ ಕಕ್ಷಿದಾರ ಕಂಪನಿಯದು. ಅದಕ್ಕೂ ಎಷ್ಟೋ ವರ್ಷ ಮೊದಲೇ ತಾವು ಅದನ್ನು ಮಾಡಿ ಮಾರಿದ್ದಾಗಿ ಆ ಮುದುಕರ ವಾದ. ಅದು ನಿಜವೆಂದಾದರೆ ಪೇಟೆಂಟೇ ಬಿದ್ದುಹೋಗುತ್ತದೆ.

"ತಾರೀಖಿರುವ ಒಂದಾದರೂ ಯಂತ್ರ ತೋರಿಸಿ" ಎಂದೆ.

"ಎಲ್ಲದರ ಮೇಲೂ ಬರೀತಿದ್ದೆ ಕಣಮ್ಮ. ವರ್ಷವರ್ಷ ಆಯುಧಪೂಜೆಗೆ ಉಜ್ಜಿ ಹೊಸ ಬಣ್ಣ ಹೊಡೀತಾರೆ. ಎಲ್ಲಾ ಅಳಿಸೋಯ್ತು."

ಹದಿನೈದು ವರ್ಷದ ವಕೀಲಿಕೆಯಲ್ಲಿ ಇಷ್ಟು ಸುಲಭದ ಉತ್ತರ ನನಗೆ ಸಿಕ್ಕಿರಲಿಲ್ಲ. ಕಂಪನಿಯವರು ಕೈಕುಲುಕಿದರು. ನನಗೆ ಮಾತ್ರ ತೋವಿನಕೆರೆಯ ನಮ್ಮ ಹಿತ್ತಲು ನೆನಪಾಯಿತು. ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿದೆ.

"ನಮ್ಮ ಹುಣಸೆ ಮಿಷನ್ನಾ? ಕದಿರಯ್ಯ ಮಾಡ್ಕೊಟ್ಟಿದ್ದು. ಬಣ್ಣ ಹೊಡೆಯುವಾಗ ತಾರೀಖು ಮಾತ್ರ ಮುಟ್ಟೋಕೆ ನಿಮ್ಮಪ್ಪ ಬುಡ್ತಿರ್ಲಿಲ್ಲ, ನೀನು ಹುಟ್ಟಿದ ವರ್ಷ ಅಂತ. ಈಗ್ಲೂ ಅಂಗೇ ಐತೆ. ಯಾಕಮ್ಮ ಕೇಳ್ದೆ?"

ಸುಮ್ಮನೆ ಕೇಳಿದೆ ಎಂದೆ.