ಮುರಿಯಲೆಂದೇ ಕಟ್ಟಿದ ಸೇತುವೆ

ಡೆಲ್ಮರ್,

ಕಾಲೇಜಿಗೆ ಹೊರಟೆ. ಫ್ರಿಜ್ಜಿನಲ್ಲಿ ನಿನ್ನೆಯ ಮೀಟ್‌ಲೋಫ್ ಇದೆ, ಬಿಸಿ ಮಾಡಿಕೋ. ನಾಯಿಗೆ ಊಟ ಹಾಕಿಯಾಗಿದೆ. ಉಪವಾಸದ ಮುಖ ಮಾಡಿದರೂ ನಂಬಬೇಡ.

ಈಗ ನಿನ್ನ ವಿಚಾರ. ನನ್ನ ಐಸ್‌ಕ್ಯಾಂಡಿ ಕಡ್ಡಿಯ ಸೇತುವೆಗೆ ರಾತ್ರಿ ಅಂಟು ಮೆತ್ತಿದವನು ನೀನೇ ತಾನೆ? ಎಡಗಡೆಯ ಬಡಕಲು ಕಡ್ಡಿಗೆ ಆಸರೆಯೆಂದು ಇನ್ನೊಂದನ್ನು ಬೇರೆ ಕೂರಿಸಿದ್ದೀಯ! ಬಡಗಿಯ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೆ ಮಾರಾಯ, ಅದನ್ನು ಮುರಿಯಲೆಂದೇ ಕಟ್ಟಿದ್ದು. "ಎಷ್ಟು ಭಾರ ಹೊರುತ್ತೆ ಅನ್ನೋದು ಬೇಡ, ಎಲ್ಲಿ ಮುರಿಯುತ್ತೆ ಅಂತ ಮೊದಲೇ ಹೇಳಿ, ಅದಕ್ಕೇ ಮಾರ್ಕ್ಸು" ಅಂದಿದ್ದಾರೆ ನಮ್ಮ ಟೀಚರ್. ಆ ಬಡಕಲು ಕಡ್ಡಿಯೇ ನನ್ನ ಉತ್ತರವಾಗಿತ್ತು. ಇದರಲ್ಲಿ ಗೋತಾ ಹೊಡೆದರೆ ಈ ವಯಸ್ಸಿನಲ್ಲಿ ಮತ್ತೆ ಅದೇ ಕ್ಲಾಸು.

ಬೆಳಿಗ್ಗೆ ನೋಡಿ ಮೈ ಉರಿಯಿತು. ಆಮೇಲೆ ಕಾಫಿ ಆರಿಹೋಗುವವರೆಗೂ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅಲ್ಲಿ ಮುರಿಯದಿದ್ದರೆ ಆ ಭಾರ ಎಲ್ಲಿಗೆ ಹೋಗುತ್ತದೆ? ನನಗೂ ಗೊತ್ತಿಲ್ಲ. ಗೊತ್ತಾಗುವವರೆಗೂ ಸಮಾಧಾನವಿಲ್ಲ.

ಹಾಗಾಗಿ ಅಂಟು ಕೀಳಲಿಲ್ಲ. ಹೊಸ ಲೆಕ್ಕವನ್ನು ಬಸ್ಸಿನಲ್ಲೇ ಹಾಕುತ್ತೇನೆ. ಮಧ್ಯಾಹ್ನ ಲ್ಯಾಬಿಗೆ ಬಾ. ಕಟ್ಟಿದವರಿಬ್ಬರೂ ಎದುರಿಗಿದ್ದು ಮುರಿಯುವ ಸದ್ದು ಕೇಳೋಣ. ಅಂಟಿನ ಡಬ್ಬಿ ಮಾತ್ರ ತರಬೇಡ.

ನೋರೀನ್